ಶಲಬಿಯಾಳ ಇಪ್ಪತ್ತು ಹೇಂಟೆಗಳು

ನಮ್ಮ ಐನ್ ತರ್ಫಾ ಊರಿನಲ್ಲಿ ಮಗಳು ಹೆತ್ತರೆ ತಾಯಿ ಕೋಳಿ ಹೊರಬೇಕು. ನಲವತ್ತು ದಿನದ ಬಾಣಂತನ, ದಿನ ಬಿಟ್ಟು ದಿನ ಒಂದು ಹೇಂಟೆಯ ಸಾರು, ಅಲ್ಲಿಗೆ ಇಪ್ಪತ್ತು ಹೇಂಟೆ. ಸಂತೆಯಲ್ಲಿ ಕೊಂಡು ತಂದರೆ ನಡೆಯುವುದಿಲ್ಲ, ಕೊಯ್ದು ಪಾತ್ರೆಯಲ್ಲಿ ತಂದರೂ ನಡೆಯುವುದಿಲ್ಲ. ಸ್ವಂತ ಹಿತ್ತಿಲಲ್ಲಿ ಸಾಕಿದ್ದಾಗಿರಬೇಕು, ಜೀವಂತ ಇರಬೇಕು, ಖರ್ಜೂರದ ಗರಿದಿಂಡಿನ ಪಂಜರದಲ್ಲಿ ತುಂಬಿಕೊಂಡು ಬೀಗರ ಬೀದಿಯ ಉದ್ದಕ್ಕೂ ನಾಲ್ಕು ಜನ ನೋಡುವ ಹಾಗೆ ಒಯ್ಯಬೇಕು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬಾಯಲ್ಲಿ ಹಾರೈಕೆ, ಕಣ್ಣಲ್ಲಿ ಎಣಿಕೆ. ಒಂದು ಕಡಿಮೆಯಾದರೂ ಆ ಸುದ್ದಿ ತಾಯಿಗಿಂತ ಮುಂಚೆ ಊರಿಗೆ ವಾಪಸು ಬಂದಿರುತ್ತದೆ.

ಶಲಬಿಯಾ ಒಂಬತ್ತು ವರ್ಷ ಬೇರೆಯವರ ಪಂಜರಗಳನ್ನು ಬೀಳ್ಕೊಟ್ಟವಳು. ಅವಳ ಒಬ್ಬಳೇ ಮಗಳು ನವಾರಾಳನ್ನು ಕತ್ತೆಗಾಡಿಯಲ್ಲಿ ಒಂದು ಗಂಟೆ ದೂರದ ಕೂಮ್ ಝಾಹಿರ್‌ಗೆ ಮದುವೆ ಮಾಡಿ ಕೊಟ್ಟ ಚಳಿಗಾಲದಲ್ಲೇ ಶಲಬಿಯಾ ಕೋಳಿಯ ಕಾವಿಗೆ ಮೊಟ್ಟೆ ಇಟ್ಟಳು. ಆ ವರ್ಷ ಬೇಕಾಗಲಿಲ್ಲ. ಮರುವರ್ಷ ಮತ್ತೆ ಇಟ್ಟಳು. ಅದೂ ಬೇಕಾಗಲಿಲ್ಲ. ಹೀಗೆ ಪ್ರತಿ ಚಳಿಗಾಲದಲ್ಲೂ ಮರಿ ಏಳುತ್ತಿದ್ದವು, ದೊಡ್ಡವಾಗುತ್ತಿದ್ದವು, ಕೊನೆಗೆ ಒಂದೊಂದಾಗಿ ಗಂಡ ಮೆತ್ವಲ್ಲಿಯ ತಟ್ಟೆ ಸೇರುತ್ತಿದ್ದವು. ಮೆತ್ವಲ್ಲಿ ಮೂಳೆ ಚೀಪುತ್ತಾ "ಇನ್ನೊಂದು ವರ್ಷ ನೋಡೋಣ ಬಿಡು" ಎನ್ನುತ್ತಿದ್ದ. ಶಲಬಿಯಾ ಆ ಸಾರನ್ನು ಮುಟ್ಟುತ್ತಿರಲಿಲ್ಲ.

ಈ ವರ್ಷ ನವಾರಾಗೆ ದಿನ ತುಂಬಿತ್ತು. ಹಿತ್ತಿಲಲ್ಲಿ ಇಪ್ಪತ್ತು ಹೇಂಟೆಗಳು ಓಡಾಡುತ್ತಿದ್ದವು. ಎಲ್ಲವೂ ನಮ್ಮ ಫಯ್ಯೂಮ್ ಸೀಮೆಯ ನಾಟಿ ತಳಿ, ಬೆಳ್ಳಗಿನ ಕತ್ತು, ಬೂದು ಪಟ್ಟೆಯ ಮೈ, ಕಾಡಿಗೆ ಹಚ್ಚಿದಂಥ ಕಣ್ಣು. ಹಿಡಿಯಲು ಹೋದರೆ ಗೋಡೆ ಹಾರುವ ಜಾತಿ.

ನಡುಬೇಸಿಗೆಯ ಬಓನಾ ತಿಂಗಳ ಬಿಸಿಲಿನಲ್ಲಿ ಕೋಳಿಯ ಜೀವ ಉಳಿಸುವುದನ್ನು ಶಲಬಿಯಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಳು ಹಾಕುವುದು ಬೆಳಕು ಹರಿಯುವ ಮುಂಚೆ ಒಮ್ಮೆ, ಸೂರ್ಯ ಮರಳುಗುಡ್ಡದ ಹಿಂದೆ ಇಳಿದ ಮೇಲೆ ಇನ್ನೊಮ್ಮೆ. ನಡುಹಗಲಲ್ಲಿ ಕಾಳು ಹಾಕಿದರೆ ಕೋಳಿಯ ಹೊಟ್ಟೆಯೊಳಗೇ ಒಲೆ ಹಚ್ಚಿದ ಹಾಗೆ ಎಂದು ಊರಿನ ಸೊಸೆಯಂದಿರಿಗೆಲ್ಲ ಬೈದು ಕಲಿಸಿದವಳೇ ಅವಳು. ಮೇಲೆ ಗರಿಯ ಚಪ್ಪರ, ಗಾಳಿ ಬರುವ ಕಡೆಗೆ ಒದ್ದೆ ಗೋಣಿಚೀಲ, ಮಧ್ಯಾಹ್ನಕ್ಕೆ ಕಲ್ಲಂಗಡಿ ಸಿಪ್ಪೆ. ಕುಡಿಯುವ ನೀರಿನ ದೊಡ್ಡ ಮಣ್ಣಿನ ಹರವಿ ಹಗಲೆಲ್ಲ ಬೆವರುತ್ತಾ ಕೆಳಗಿನ ತಟ್ಟೆಗೆ ತೊಟ್ಟಿಕ್ಕುತ್ತಿತ್ತು. ಇಪ್ಪತ್ತೂ ಹೇಂಟೆಗಳು ಅದರ ಸುತ್ತ ಕೊಕ್ಕು ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು, ನೆರಳಿಗೆ ಒತ್ತೊತ್ತಿ ಕೂರುತ್ತಿದ್ದವು.

ಗುರುವಾರ ಬೆಳಿಗ್ಗೆ ಹಾಗೆ ಕೂತಿದ್ದಾಗಲೇ ದೌಲತ್ ಗೋಡೆಯ ಮೇಲಿಂದ ಇಣುಕಿದ್ದು.

ದೌಲತ್ ಶಲಬಿಯಾಳ ಓರಗಿತ್ತಿ, ಮೆತ್ವಲ್ಲಿಯ ಅಣ್ಣನ ಹೆಂಡತಿ. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಹೆಸರಿಗೆ ತಕ್ಕ ದೌಲತ್ತು ಅವಳದು. ಐದು ಹೆಣ್ಣುಮಕ್ಕಳ ತಾಯಿ, ಹದಿಮೂರು ಬಾಣಂತನಕ್ಕೆ ಪಂಜರ ಹೊತ್ತವಳು, ಒಮ್ಮೆಯೂ ಇಪ್ಪತ್ತಕ್ಕೆ ಕಡಿಮೆ ಒಯ್ದವಳಲ್ಲ. ದನಿಯೂ ದೊಡ್ಡದು, ಮೂಗೂ ದೊಡ್ಡದು.

"ಏನೇ ಶಲಬಿಯಾ, ಹೀಗೆ ಉಬ್ಕೊಂಡು ಕೂತಿವೆ! ಏನ್ ತಿನ್ನಿಸ್ತೀಯೇ ಇವಕ್ಕೆ? ಒಂದು, ಎರಡು, ಮೂರು…" ಅವಳು ಬೆರಳು ಚಾಚಿ ಬಾಯಿಬಿಟ್ಟು ಎಣಿಸತೊಡಗಿದಳು. ಜೀವ ಇರುವ ಯಾವುದನ್ನೂ ನಮ್ಮಲ್ಲಿ ಹೀಗೆ ಬೆರಳಿಟ್ಟು ಎಣಿಸುವುದಿಲ್ಲ, ಕಣ್ಣು ತಾಗುತ್ತದೆ. "…ಹತ್ತೊಂಬತ್ತು, ಇಪ್ಪತ್ತು! ಸರಿಯಾಗಿ ಇಪ್ಪತ್ತಿವೆ. ಒಂದೂ ಸತ್ತಿಲ್ವಾ? ಈ ಬಿಸಿಲಲ್ಲೂ?"

"ಮಾಷಾ ಅಲ್ಲಾ ಅನ್ನು ಅಕ್ಕಾ."

"ಅಂದೆ ಅನ್ಕೋ. ಆ ಮೂಲೇದು ನೋಡು, ಎದೆ ನೋಡು ಅದ್ರದ್ದು! ನಮ್ಮನೆ ಯಜಮಾನ್ರಿಗಿಂತ ಅಗಲ ಇದೆ."

ದೌಲತ್ ನಕ್ಕು ಕೆಳಗಿಳಿದಳು. ಬಾಯಲ್ಲಿ ಕಣ್ಣು ತಾಗದಂತೆ ಕಾಯುವ ಆ ಎರಡು ಮಾತು ಬರಲೇ ಇಲ್ಲ. ಅಂದೇ ಮಧ್ಯಾಹ್ನ ಎರಡು ಹೇಂಟೆಗಳು ಕತ್ತು ಜೋಲಿಸಿ ಕಣ್ಣು ಮುಚ್ಚಿ ಕೂತುಬಿಟ್ಟವು. ಅವತ್ತಿನ ಬಿಸಿ ಎಂಥದ್ದೆಂದರೆ ಮೆತ್ವಲ್ಲಿಯ ಚಪ್ಪಲಿಯ ರಬ್ಬರು ಅಂಗಳದ ಕಲ್ಲಿಗೆ ಅಂಟಿಕೊಂಡಿತ್ತು. ಊರಿನ ಅರ್ಧ ಕೋಳಿಗಳು ಅವತ್ತು ಹಾಗೇ ಕೂತಿದ್ದವು. ಶಲಬಿಯಾಗೆ ಕಂಡದ್ದು ಮಾತ್ರ ಆ ಚಾಚಿದ ಬೆರಳು.

ಅವಳು ಕೆಂಡದ ಮೇಲೆ ಪಟಕದ ಬಿಳಿ ಹರಳಿನ ತುಂಡು ಹಾಕಿದಳು. ಪಟಕ ಕರಗಿ, ಗುಳ್ಳೆಯೆದ್ದು, ಉಬ್ಬಿ ಒಂದು ಆಕಾರಕ್ಕೆ ಬಂತು. ಕಣ್ಣು ಹಾಕಿದವರ ಮುಖ ಅದರಲ್ಲಿ ಮೂಡುತ್ತದೆ. ನೋಡುವವರು ಸ್ವಲ್ಪ ಮನಸ್ಸು ಕೊಟ್ಟು ನೋಡಬೇಕು, ಅಷ್ಟೆ.

"ನೋಡ್ರೀ, ಯಾರ್ ಥರ ಇದೆ?"

ಮೆತ್ವಲ್ಲಿ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದ. "ಒಂಟೆ ಥರ ಇದೆ."

"ಮೂಗು ನೋಡ್ರೀ ಮೂಗು!"

"ಒಂಟೆ ಮೂಗೇ."

"ನಿಮ್ಮ ಅತ್ತಿಗೆ ಮೂಗಲ್ವಾ ಇದು?"

ಮೆತ್ವಲ್ಲಿ ಇನ್ನೊಮ್ಮೆ ನೋಡಿದ. ಅಣ್ಣನ ಹೆಂಡತಿಯ ವಿಷಯ, ಹೆಂಡತಿಯ ಸಿಟ್ಟಿನ ವಿಷಯ, ಎರಡನ್ನೂ ತೂಗಿ ನೋಡಿ ಹೇಳಬೇಕಿತ್ತು. "ಸ್ವಲ್ಪ ಹೋಲಿಕೆ ಇದೆ ಬಿಡು" ಎಂದು ಎದ್ದುಹೋದ.

ಅಷ್ಟು ಸಾಕಾಯಿತು. ಸಂಜೆಯೊಳಗೆ ಶಲಬಿಯಾ ಇಪ್ಪತ್ತೂ ಹೇಂಟೆಗಳನ್ನು ಹಿಡಿದು ರೊಟ್ಟಿ ಒಲೆಯ ಹಿಂದಿನ ಸಾಮಾನು ಕೋಣೆಗೆ ದಬ್ಬಿದಳು. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದು ದೌಲತ್‌ಳ ಮಾಳಿಗೆಗೆ ನೇರ ಕಾಣುತ್ತಿತ್ತು. ಅದಕ್ಕೆ ಒಂದು ಹಳೆಯ ಕೌದಿ ತುರುಕಿದಳು. ದೃಷ್ಟಿ ತಾಗದಿರಲೆಂದು ಬಾಗಿಲಿಗೆ ನೀಲಿ ಮಣಿ ಕಟ್ಟಿದಳು.

"ಒಳಗೇ ಬೆಂದೋಗ್ತವೆ ಕಣೆ" ಎಂದ ಮೆತ್ವಲ್ಲಿ.

"ಬಿಸಿಲಿರೋದು ಹೊರಗೆ. ಒಳಗೆ ನೆರಳು."

ಮೂವತ್ತು ವರ್ಷ ಕೋಳಿ ಸಾಕಿದವಳು ಆಡುವ ಮಾತೇ ಅದು? ಗಾಳಿ ಆಡದ ಕೋಣೆಗಿಂತ ಬಯಲ ಬಿಸಿಲೇ ಮೇಲು ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಬೇರೆ ಯಾವಳಾದರೂ ಹೀಗೆ ಮಾಡಿದ್ದರೆ ಶಲಬಿಯಾ ಅವಳ ಕಿವಿ ಹಿಂಡಿ ಬುದ್ಧಿ ಹೇಳುತ್ತಿದ್ದಳು. ಆದರೆ ಒಂಬತ್ತು ವರ್ಷ ಕಾದದ್ದು ಕೈಗೆ ಬರುವ ಹೊತ್ತಿಗೆ ಅವಳಿಗೆ ಬಿಸಿಲಿಗಿಂತ ಕಣ್ಣಿನ ಭಯವೇ ಹೆಚ್ಚಾಗಿತ್ತು. ಬೆಳಕು ಹರಿಯುವ ಮುಂಚೆ, ಸಂಜೆ ಇಳಿದ ಮೇಲೆ ಬಾಗಿಲು ತೆರೆಯುವುದು, ನೀರಿಡುವುದು, ನೆಲಕ್ಕೆ ನೀರು ಚಿಮುಕಿಸುವುದು, ಮತ್ತೆ ಮುಚ್ಚುವುದು. ಹಗಲಲ್ಲಿ ಮೂರು ನಾಲ್ಕು ಸಲ ಕಳ್ಳಿಯ ಹಾಗೆ ನುಸುಳಿ ನೀರಿನ ತಟ್ಟೆ ತುಂಬುವುದು. ಹೀಗೆ ದಿನ ದೂಡಿದಳು.

ಶುಕ್ರವಾರ ದೌಲತ್ ಮತ್ತೆ ಗೋಡೆಯ ಮೇಲೆ ಬಂದಳು. "ಏನೇ, ಹಿತ್ತಿಲು ಖಾಲಿ! ಕೋಳಿ ಎಲ್ಲೋದ್ವು?"

"ಸತ್ತೋದ್ವು ಅಕ್ಕಾ" ಎಂದಳು ಶಲಬಿಯಾ. "ಏನೋ ರೋಗ. ಎಲ್ಲಾ ಹೋದ್ವು, ಒಂದೂ ಉಳೀಲಿಲ್ಲ."

ಇದೂ ನಮ್ಮ ಕಡೆಯ ಕ್ರಮವೇ. ಗಂಡುಮಗುವಿಗೆ ಹೆಣ್ಣಿನ ಅಂಗಿ ತೊಡಿಸುತ್ತೇವೆ, ಮುದ್ದಾದ ಕೂಸನ್ನು ಕೋತಿ ಮೂತಿ ಎಂದು ಕರೆಯುತ್ತೇವೆ, ಕೊಡ ತುಂಬ ಹಾಲು ಕರೆಯುವ ಎಮ್ಮೆಯನ್ನು ಬತ್ತಿದೆ ಎನ್ನುತ್ತೇವೆ. ಇಲ್ಲದ್ದರ ಮೇಲೆ ಯಾರು ಕಣ್ಣು ಹಾಕುತ್ತಾರೆ? ಆದರೆ ಇಪ್ಪತ್ತು ಕೋಳಿಗಳನ್ನು ಒಂದೇ ಉಸಿರಿಗೆ ಸಾಯಿಸಿದವರು ಶಲಬಿಯಾಗಿಂತ ಮುಂಚೆ ಯಾರೂ ಇರಲಿಲ್ಲ. ದೌಲತ್‌ಳ ಬಾಯಿ ತೆರೆದದ್ದು ತೆರೆದೇ ಇತ್ತು. ಹಾಗೇ ಗೋಡೆಯಿಂದ ಇಳಿದುಹೋದಳು. ಈಗ ತಣ್ಣಗಾಯಿತೇನೋ ಅವಳ ಹೊಟ್ಟೆ, ಎಂದುಕೊಂಡಳು ಶಲಬಿಯಾ.

ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಎಂಟು ಜನ ಹೆಂಗಸರು. ಎಲ್ಲರದೂ ಸಾವಿನ ಮನೆಗೆ ಬರುವ ಮುಖ. ಎಲ್ಲರ ಕಪ್ಪು ಶಾಲಿನ ಕೆಳಗೂ ಏನೋ ಉಬ್ಬಿಕೊಂಡಿತ್ತು, ಮತ್ತು ಆ ಉಬ್ಬು ಅಲ್ಲಾಡುತ್ತಿತ್ತು. ಮುಂದೆ ದೌಲತ್.

ಅವಳು ಶಾಲು ಸರಿಸಿ ಕಾಲು ಕಟ್ಟಿದ ಮೂರು ಹೇಂಟೆಗಳನ್ನು ಅಂಗಳದಲ್ಲಿಟ್ಟಳು. ಹಿಂದಿನವರು ಒಂದೊಂದು ಇಟ್ಟರು. ಕೊನೆಗೆ ಬಾವಿಯ ಕಡೆಯ ಮುದುಕಿ ಗಾಲಿಯಾ ಒಂದು ಕೆಂಪು ಹೇಂಟೆಯನ್ನು ಎದೆಗವಚಿಕೊಂಡೇ ಒಳಗೆ ಬಂದಳು. ಅವಳ ಮನೆಯಲ್ಲಿ ಇದ್ದದ್ದೇ ಆ ಒಂದು ಕೋಳಿ. ಅದರ ಜೊತೆ ಅವಳು ದಿನವಿಡೀ ಮಾತಾಡುವುದು ಊರಿಗೆಲ್ಲ ಗೊತ್ತಿತ್ತು.

"ಒಂಬತ್ತು ವರ್ಷ ಆದ್ಮೇಲೆ ನವಾರಾ ಹೆರ್ತಿದಾಳೆ, ಬರಿಗೈಲಿ ಹೋಗ್ತೀಯಾ?" ಎಂದಳು ದೌಲತ್. "ಇವನ್ನ ಒಳಗೆ ಕಟ್ಕೋ. ಯಾರ್ ಕೇಳಿದ್ರೂ ನಿನ್ನವೇ ಅನ್ನು. ನಾವು ಯಾರೂ ಬಾಯಿ ಬಿಡಲ್ಲ."

ಶಲಬಿಯಾಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಏನು ಹೇಳುವುದು? ಈಗ ನಿಜ ಹೇಳಿದರೆ ಇವರೆಲ್ಲರ ಮುಂದೆ ಸುಳ್ಳಿ. ಹೇಳದಿದ್ದರೆ ಗಾಲಿಯಾಳ ಕೆಂಪಿಯನ್ನು ಕಸಿದುಕೊಂಡವಳು. ಅವಳು ಚಹಾ ಇಟ್ಟಳು.

ಹೆಂಗಸರು ಚಪ್ಪರದ ಕೆಳಗೆ ಚಾಪೆ ಹಾಸಿಕೊಂಡು ಕೂತರು. ಸತ್ತ ಕೋಳಿಗಳ ಗುಣಗಾನ ಶುರುವಾಯಿತು.

"ಆ ಮೂಲೇದು ಎಂಥಾ ಕೋಳಿ! ನಡೆಯೋದೇ ಒಂದು ಗತ್ತು."

"ಒಳ್ಳೇವೇ ಬೇಗ ಹೋಗೋದು ಕಣಮ್ಮಾ."

"ಕೊಟ್ಟೋನು ಅವ್ನೇ, ತಗೊಂಡೋನೂ ಅವ್ನೇ. ನೀನು ಎದೆ ಗಟ್ಟಿ ಮಾಡ್ಕೋಬೇಕು ಶಲಬಿಯಾ."

ಶಲಬಿಯಾ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆ ಕಣ್ಣೀರಿನಲ್ಲಿ ಸುಳ್ಳೇನೂ ಇರಲಿಲ್ಲ, ಅವಳಿಗೆ ನಿಜಕ್ಕೂ ಅಳು ಬಂದಿತ್ತು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಯಾರೂ ಏಳುವ ಹಾಗೆ ಕಾಣಲಿಲ್ಲ. ಒಳಗಿನ ತಟ್ಟೆಗೆ ಬೆಳಿಗ್ಗೆಯಿಂದ ನೀರು ಹಾಕಿರಲಿಲ್ಲ.

ಆಗಲೇ ಒಲೆಯ ಹಿಂದಿನಿಂದ ಕೇಳಿಸಿತು: ಕೊಕ್ಕೊಕ್ಕೊಕ್ಕೋ ಕ್ಕೋ! ಚೊಚ್ಚಲ ಮೊಟ್ಟೆ ಇಟ್ಟ ಹೇಂಟೆ, ಊರಿಗೆಲ್ಲ ಸಾರದೆ ಬಿಡುವುದುಂಟೇ?

ಎಲ್ಲರ ಚಹಾ ಲೋಟಗಳೂ ನಿಂತಲ್ಲೇ ನಿಂತವು.

"ಏನದು?" ಎಂದಳು ದೌಲತ್.

"ಅದು… ನಮ್ಮನೆಯವ್ರು" ಎಂದಳು ಶಲಬಿಯಾ.

ಬಾಗಿಲ ಬಳಿ ಕೂತಿದ್ದ ಮೆತ್ವಲ್ಲಿ ಹೆಂಡತಿಯ ಮುಖ ನೋಡಿದ. ಪಾಪ, ಒಳ್ಳೆಯ ಗಂಡ. ಗಂಟಲು ಸರಿಮಾಡಿಕೊಂಡು ಜೋರಾಗಿ ಕೆಮ್ಮಿದ.

"ಮೆತ್ವಲ್ಲಿ ಮೊಟ್ಟೆ ಇಡ್ತಾನಾ ಈಗ?" ಎಂದಳು ದೌಲತ್.

"ಧೂಳು ಅತ್ತಿಗೆ, ಧೂಳು" ಎಂದ ಮೆತ್ವಲ್ಲಿ. "ಈ ಗಾಳಿಗೆ ಎದೆಯೆಲ್ಲ ಕಟ್ಕೊಂಡು…"

ಕೊಕ್ಕೊಕ್ಕೊಕ್ಕೋ! ಎಂದಿತು ಕೋಣೆ. ಮೆತ್ವಲ್ಲಿ ಮತ್ತೆ ಕೆಮ್ಮಿದ. ಕೋಣೆ ಉತ್ತರಿಸಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳ ಭುಜ ಆಗಲೇ ಕುಣಿಯತೊಡಗಿತ್ತು. ಸಾವಿಗೆ ಬಂದವರು ನಗುವ ಹಾಗಿಲ್ಲ, ಅದಕ್ಕೇ ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡಳು. ಶಲಬಿಯಾ ತಲೆ ತಗ್ಗಿಸಿ ಯಾರೂ ಕೇಳದಿದ್ದರೂ ಎಲ್ಲರ ಲೋಟಕ್ಕೂ ಸಕ್ಕರೆ ಸುರಿದಳು. ನಿಲ್ಲು ತಾಯಿ, ಒಂದು ನಿಮಿಷ ಬಾಯಿ ಮುಚ್ಚು, ಎಂದು ಒಳಗೊಳಗೇ ಆ ಹೇಂಟೆಯ ಕಾಲು ಹಿಡಿದಳು.

ಹೇಂಟೆ ಬಾಯಿ ಮುಚ್ಚಿತು.

ಮೊದಲು ನೆಮ್ಮದಿಯಾಯಿತು. ಆಮೇಲೆ ಶಲಬಿಯಾ ಕಿವಿಗೊಟ್ಟಳು. ಕೋಣೆಯಿಂದ ಯಾವ ಸದ್ದೂ ಇಲ್ಲ. ಕೆದಕುವ ಸದ್ದಿಲ್ಲ, ರೆಕ್ಕೆ ಬಡಿಯುವುದಿಲ್ಲ, ಬೆಳಿಗ್ಗೆಯಿಂದ ಕೇಳುತ್ತಿದ್ದ ಸಣ್ಣ ಗೊಣಗೂ ಇಲ್ಲ. ಬಿಸಿಲಿಗೆ ಕೋಳಿ ತೇಕುವವರೆಗೆ ಹೆದರಬೇಕಾಗಿಲ್ಲ, ಸುಮ್ಮನಾದಾಗ ಹೆದರಬೇಕು. ಇದನ್ನೂ ಊರಿನ ಸೊಸೆಯಂದಿರಿಗೆ ಕಲಿಸಿದವಳು ಅವಳೇ.

ಅವಳು ಕೈಯಲ್ಲಿದ್ದ ತಟ್ಟೆ ಬಿಸಾಕಿ ಎದ್ದಳು. ಮಾನ ಮರ್ಯಾದೆ ಒಂದೂ ನೆನಪಾಗಲಿಲ್ಲ. ಎಂಟು ಜನರ ಮುಂದೆ ಓಡಿಹೋಗಿ ಆ ಬಾಗಿಲು ತೆಗೆದಳು. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಇಪ್ಪತ್ತೂ ನೆಲಕ್ಕೆ ಚಪ್ಪಟೆಯಾಗಿ, ರೆಕ್ಕೆ ಹರಡಿಕೊಂಡು, ಬಟ್ಟೆ ಒಣಗಲು ಹಾಕಿದ ಹಾಗೆ ಬಿದ್ದಿದ್ದವು.

"ಅಕ್ಕಾ!" ಎಂದು ಕಿರುಚಿದಳು ಶಲಬಿಯಾ. "ದೌಲತಕ್ಕಾ, ಬಾರೇ!"

ಬಾಯಿಗೆ ಬಂದ ಹೆಸರು ಅದೇ. ದೌಲತ್ ಒಂದೂ ಪ್ರಶ್ನೆ ಕೇಳಲಿಲ್ಲ. ಆ ದೊಡ್ಡ ಮೈ ಹೊತ್ತುಕೊಂಡು ಒಂದೇ ನೆಗೆತಕ್ಕೆ ಕೋಣೆಯೊಳಗಿದ್ದಳು. ಎರಡು ಕೈಗೂ ಎರಡೆರಡು ಹೇಂಟೆ ಎತ್ತಿಕೊಂಡು ಬಂದು ಬಟ್ಟೆ ಒಗೆಯುವ ತೊಟ್ಟಿಗೆ ಎದೆಮಟ್ಟ ಅದ್ದಿದಳು. "ತಲೆ ಮೇಲಿರ್ಲಿ! ತಲೆ ಮುಳುಗಿಸ್ಬೇಡ್ರೇ! ಲೇ ಮೆತ್ವಲ್ಲಿ, ಕೆಮ್ಮಿದ್ದು ಸಾಕು, ನೀರು ಸೇದು!"

ಯಾರೋ ಕಿಟಕಿಯ ಕೌದಿ ಕಿತ್ತು ನೆನೆಸಿ ಚಪ್ಪರದ ಕೆಳಗೆ ಹಾಸಿದರು. ಯಾರೋ ಹರವಿಯ ನೀರನ್ನೇ ಬಗ್ಗಿಸಿದರು. ಗಾಲಿಯಾ ತೊಡೆಯ ಮೇಲೆ ಒಂದೊಂದನ್ನೇ ಮಲಗಿಸಿಕೊಂಡು ಬೆರಳ ತುದಿಯಿಂದ ಕೊಕ್ಕಿಗೆ ಹನಿ ಹನಿ ಬಿಡುತ್ತಾ "ಕುಡಿಯೇ ಹುಚ್ಚಿ, ಕುಡಿಯೇ" ಎನ್ನುತ್ತಿದ್ದಳು. ಮಧ್ಯಾಹ್ನದ ಬಾಂಗು ಆಗುವ ಹೊತ್ತಿಗೆ ಹದಿನೇಳು ಎದ್ದು ನಿಂತವು. ಮೂರು ಏಳಲಿಲ್ಲ.

ಎಲ್ಲರೂ ಒದ್ದೆಯಾಗಿ ನೆಲದಲ್ಲೇ ಕೂತಿದ್ದರು. ದೌಲತ್ ಮುಖದ ಮೇಲಿನ ಪುಕ್ಕ ತೆಗೆದುಕೊಂಡಳು.

"ಇವು ಯಾವ ಕೋಳಿಗಳೇ ಶಲಬಿಯಾ? ಸತ್ತವು ಎದ್ದು ಬಂದ್ವಾ?"

ಶಲಬಿಯಾ ಸತ್ತ ಮೂರನ್ನು ಮಡಿಲಲ್ಲಿಟ್ಟುಕೊಂಡಿದ್ದಳು. "ಸುಳ್ಳು ಹೇಳ್ದೆ ಅಕ್ಕಾ. ನಿನ್ ಕಣ್ಣು ಬಿತ್ತು ಅನ್ಕೊಂಡೆ. ಬಚ್ಚಿಟ್ಟೆ. ನಾನೇ ಬೇಯ್ಸಿಬಿಟ್ಟೆ ಇವನ್ನ."

"ನನ್ನ ಕಣ್ಣಾ?"

"ನೀನು ಎಣಿಸ್ದೆ…"

"ಎಣಿಸ್ದೆ, ಹೌದು!" ದೌಲತ್‌ಳ ದನಿ ಮೂರು ಮನೆ ಆಚೆಗೆ ಕೇಳಿಸಿತು. "ಯಾಕೆಣಿಸ್ದೆ? ಕಮ್ಮಿ ಬಿದ್ರೆ ನಮ್ಮನೇದು ಸೇರ್ಸೋಣ ಅಂತ. ಒಂಬತ್ತು ವರ್ಷದಿಂದ ಪ್ರತಿ ಬೇಸಿಗೆ ಎಣಿಸ್ತಿದೀನಿ ಕಣೇ ನಾನು! ಮೂರು ಹೇಂಟೆ ಯಾವಾಗ್ಲೂ ಬೇರೆ ತೆಗೆದಿಟ್ಟಿರ್ತೀನಿ. ಆಮೇಲೆ ಗೋಡೆ ಆಚೆಯಿಂದ ಸಾರಿನ ವಾಸನೆ ಬರುತ್ತೆ, ಮೆತ್ವಲ್ಲಿ ಒಬ್ನೇ ತಿನ್ನೋದು ಕೇಳ್ಸುತ್ತೆ. ನೀನು ಮುಟ್ತಿರ್ಲಿಲ್ಲ. ಗೊತ್ತಿಲ್ಲ ಅನ್ಕೊಂಡ್ಯಾ ನಂಗೆ? ನನ್ನ ಹದಿಮೂರು ಪಂಜರಕ್ಕೂ ನೀನೇ ಹಗ್ಗ ಬಿಗಿದು ಕಳ್ಸಿದೀಯ. ಒಂದ್ಸಲನಾದ್ರೂ ಮುಖ ಸಿಂಡರ್ಸಿದ್ಯಾ?"

ಗೋಡೆಯ ಆಚೆಗೂ ಒಬ್ಬಳು ತನ್ನ ಜೊತೆ ಕಾಯುತ್ತಿದ್ದಳು ಎಂಬುದು ಶಲಬಿಯಾಳ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಪಟಕದಲ್ಲಿ ನಂಗೆ ಕಂಡಿದ್ದು ಒಂಟೆ ಅತ್ತಿಗೆ" ಎಂದ ಮೆತ್ವಲ್ಲಿ, ಯಾರೂ ಕೇಳದಿದ್ದರೂ. "ಮೂಗಿನ ವಿಷ್ಯ ನಾನು ಎತ್ಲೇ ಇಲ್ಲ."

ಬಾಯಿಗೆ ಶಾಲು ತುರುಕಿಕೊಂಡಿದ್ದವಳು ಇನ್ನು ತಡೆಯಲಾರದೆ ಹೋ ಎಂದು ನಕ್ಕಳು. ಅದು ಎಲ್ಲರಿಗೂ ಹತ್ತಿತು. ಕೊನೆಗೆ ದೌಲತ್ ತನ್ನ ಮೂಗು ಮುಟ್ಟಿ ನೋಡಿಕೊಂಡು "ಒಂಟೆಯಂತೆ!" ಎಂದು ಮೆತ್ವಲ್ಲಿಯ ಮೇಲೆ ಒಂದು ಚೊಂಬು ನೀರು ಎರಚಿದಳು.

ಶಲಬಿಯಾ ಅವರವರ ಕೋಳಿ ಅವರವರಿಗೆ ಕೊಡಲು ಹೋದಳು. ಯಾರೂ ಮುಟ್ಟಲಿಲ್ಲ. "ನೀನಾದ್ರೂ ತಗೊಂಡೋಗು ಅಜ್ಜಿ" ಎಂದು ಗಾಲಿಯಾಳ ಕಾಲು ಹಿಡಿದಳು.

"ಬಾಣಂತಿಗೆ ಅಂತ ಹೇಳಿ ಕರ್ಕೊಂಡ್ ಬಂದಿದೀನಿ ಅದನ್ನ" ಎಂದಳು ಗಾಲಿಯಾ. "ಈಗ ಮನೆಗೆ ವಾಪಸ್ ಹೋಗಿ ಏನಂತ ಹೇಳ್ಲಿ ಅದಕ್ಕೆ?"

ಸಂಜೆ ಫೋನು ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ.

ಮರುದಿನ ಬಿಸಿಲೇರುವ ಮುಂಚೆ ಕತ್ತೆಗಾಡಿ ಕೂಮ್ ಝಾಹಿರ್ ತಲುಪಿತು. ಬೀದಿಯ ತುದಿಯಲ್ಲೇ ಇಳಿದು ಶಲಬಿಯಾ ಒಂದು ಪಂಜರ ತಲೆಯ ಮೇಲಿಟ್ಟುಕೊಂಡಳು, ದೌಲತ್ ಇನ್ನೊಂದನ್ನು. ಈ ಬೀದಿಯಲ್ಲಿ ಹೇಗೆ ನಡೆಯಬೇಕೆಂದು ಶಲಬಿಯಾ ಒಂಬತ್ತು ವರ್ಷದಿಂದ ಯೋಚಿಸಿಟ್ಟಿದ್ದಳು. ನಿಧಾನವಾಗಿ, ಕತ್ತು ನೆಟ್ಟಗಿಟ್ಟು, ತಿರುವಿನಲ್ಲಿ ಒಮ್ಮೆ ನಿಂತು ಪಂಜರ ಸರಿಮಾಡಿಕೊಂಡು. ಹಾಗೇ ನಡೆದಳು. ಬಾಗಿಲುಗಳು ತೆರೆದುಕೊಂಡವು. ಉಲುಲುಲು ಎಂಬ ಕೇಕೆ ಈ ಮನೆಯಿಂದ ಆ ಮನೆಗೆ ಹಬ್ಬಿತು. ಹೇಂಟೆಗಳೂ ಕಡಿಮೆಯಿಲ್ಲದಂತೆ ಕೂಗಿದವು. ಅವಳಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಬೀಗಿತ್ತಿ ಬಸೀಮಾ ಹೊಸ್ತಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎಣಿಕೆಯಲ್ಲಿ ಬಲು ಚುರುಕು. "ಇಪ್ಪತ್ತೇಳು!" ಎಂದಳು ಬೀದಿಗೆಲ್ಲ ಕೇಳುವ ಹಾಗೆ. "ಈ ಬಿಸಿಲಲ್ಲಿ ಇಷ್ಟೂ ನೀವೇ ಸಾಕಿದ್ದಾ ಬೀಗಿತ್ತಿ?"

"ಇನ್ಯಾರು ಸಾಕ್ತಾರೆ?" ಎಂದಳು ದೌಲತ್ ತಟ್ಟನೆ. "ನಮ್ಮ ಶಲಬಿಯಾ ಕೈ ಅಂದ್ರೆ…"

ಬೀದಿ ಪೂರ್ತಿ ನೋಡುತ್ತಿತ್ತು. ಹೂಂ ಎಂದರೆ ಮುಗಿಯಿತು, ಇಪ್ಪತ್ತೇಳರ ಹೆಸರು ಹತ್ತು ವರ್ಷ ಉಳಿಯುತ್ತಿತ್ತು.

"ಇಲ್ಲ ಬೀಗಿತ್ತಿ" ಎಂದಳು ಶಲಬಿಯಾ. "ಹತ್ತು ನನ್ನವಲ್ಲ. ಮೂರು ಇವ್ಳದ್ದು, ನಮ್ಮ ದೌಲತಕ್ಕಂದು. ಆ ಕೆಂಪಿ ಇದ್ಯಲ್ಲ, ಅದು ಗಾಲಿಯಾ ಅಂತ ನಮ್ಮೂರಜ್ಜೀದು, ಅವಳತ್ರ ಇದ್ದಿದ್ದೇ ಅದೊಂದು, ಅದನ್ನ ಕೊಯ್ಬೇಡಿ, ಮೊಟ್ಟೆಗೆ ಇಟ್ಕೊಳ್ಳಿ. ಈ ಕಡೇದು…"

ಒಳಗಿನಿಂದ ಅಳು ಕೇಳಿಸಿತು. ಸಣ್ಣದು, ಸಿಟ್ಟಿನದು, ಆಗಷ್ಟೇ ಅಳಲು ಕಲಿತದ್ದು.

ಶಲಬಿಯಾ ಮಾತು ನಿಲ್ಲಿಸಿದಳು. ತಲೆಯ ಮೇಲಿನ ಪಂಜರವನ್ನು ಎತ್ತಿ ಬಸೀಮಾಳ ತೋಳಿಗೆ ತುರುಕಿ, ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಓಡಿದಳು. ಹಿಂದೆ ಪಂಜರದ ಬಾಗಿಲು ಕಳಚಿದ ಸದ್ದು, ರೆಕ್ಕೆಗಳ ಸದ್ದು, "ಹಿಡೀರೇ, ಮಾಳಿಗೆ ಹತ್ತಿದ್ವು ಹಿಡೀರೇ!" ಎಂದು ದೌಲತ್ ಕೂಗಿದ್ದು, ಬೀದಿಯೆಲ್ಲ ಓಡಿದ್ದು, ಯಾವುದಕ್ಕೂ ಅವಳು ತಿರುಗಲಿಲ್ಲ.

ನವಾರಾ ದಿಂಬಿಗೆ ಒರಗಿ ಕೂತಿದ್ದಳು. ಮುಖ ಬಾಡಿತ್ತು, ಆದರೂ ನಗುತ್ತಿದ್ದಳು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಾಯಿಯ ಕೈಗೆ ಕೊಟ್ಟಳು. ಅದು ಅಳು ನಿಲ್ಲಿಸಿ, ಒಂದು ಕಣ್ಣು ಮಾತ್ರ ತೆರೆದು, ಅಜ್ಜಿಯನ್ನು ಅನುಮಾನದಿಂದ ನೋಡಿತು.

"ಹೊರಗೆ ಏನಮ್ಮಾ ಅಷ್ಟು ಗಲಾಟೆ?" ಎಂದಳು ನವಾರಾ. "ಎಷ್ಟು ತಂದೆ ಕೋಳಿ?"

ಶಲಬಿಯಾ ಆ ಒಂದು ಕಣ್ಣನ್ನೇ ನೋಡುತ್ತಿದ್ದಳು.

"ಯಾವ ಕೋಳಿ?" ಎಂದಳು.